ಊರವರ ರೊಕ್ಕದಾಗ ಎದ್ದ ಮೆಡಿಕಲ್ ಕಾಲೇಜು

ಹೋದ ಐತವಾರ ಹುಬ್ಬಳ್ಳಿಯೊಳಗ ಒಂದು ಸಣ್ಣ ಸಭಾದಾಗ ನಾ ಮಾತಾಡಿದ್ದನ್ನ ಬರದು ಕೊಡ್ರಿ ಅಂತ ಬಹಳ ಮಂದಿ ಕೇಳಿದ್ರು. ಮಾತಾಡಿದಂಗ ಬರದೀನಿ, ಪುಸ್ತಕದ ಭಾಷಾ ಮಾಡಾಕ ಹೋಗಿಲ್ಲ. ಅಲ್ಲಿ ಟೈಮ್ ಸಾಲದ ಬಿಟ್ಟಿದ್ದ ಒಂದೆರಡು ವಿಷಯ ಇಲ್ಲಿ ಸೇರ್ಸೀನಿ.

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ರೋಣ ತಾಲೂಕಿನ ಒಂದು ಹಳ್ಳಿ. ನಾ ಸಣ್ಣಾಕಿ ಇದ್ದಾಗ ನಮ್ಮ ಮನಿಯೊಳಗ ಮೀರಜ್ ಅನ್ನೋದು ಬರೇ ಒಂದು ಊರಿನ ಹೆಸರು ಆಗಿರ್ಲಿಲ್ಲ. "ಅವ್ರನ್ನ ಮೀರಜಿಗೆ ಒಯ್ದಾರಂತ" ಅಂತ ಯಾರರ ಹೇಳಿದ್ರ ಕೇಳಿದವರು ಮುಂದ ಮಾತೇ ಆಡ್ತಿರ್ಲಿಲ್ಲ, ಯಾಕಂದ್ರ ಆ ಮನಷ್ಯಾ ಉಳಿಯೋದು ಕಷ್ಟ ಐತಿ ಅಂತ ಅದರ ಅರ್ಥ. ನಮ್ಮಪ್ಪನ ಅವ್ವಗ ಹೊಟ್ಯಾಗ ಗಡ್ಡಿ ಆದಾಗ ಚಕ್ಕಡಿಯೊಳಗ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಕಿ, ಮಲಗಿಸಿಕೊಂಡು ಗದಗ ಸ್ಟೇಷನ್ನಿಗೆ ಬಂದು, ಹುಬ್ಬಳ್ಯಾಗ ಗಾಡಿ ಬದಲಿ ಮಾಡಿ, ಲೋಂಡಾ ದಾಟಿ ಬೆಳಗಾವಿ ದಾಟಿ ಮೀರಜ್ ಮುಟ್ಟೋದ್ರಾಗ ಎರಡು ದಿನ ಹೋತಂತ. ಅಲ್ಲಿ ಮಿಷನ್ ದವಾಖಾನಿ ಇತ್ತು, ವಾನ್ಲೆಸ್ ಅನ್ನೋ ಡಾಕ್ಟರು 1894ರಾಗ ಶುರು ಮಾಡಿದ್ದು. ಅಲ್ಲಿ ಆಪರೇಷನ್ ಆತು, ಅಜ್ಜಿ ಉಳಿದ್ಳು. ಆದ್ರ ಅಪ್ಪ ಆ ಕಥಿ ಹೇಳಿದಾಗೆಲ್ಲಾ ಆಪರೇಷನ್ ಬಗ್ಗೆ ಹೇಳ್ತಿದ್ದು ಕಡಿಮಿ, ಆ ಎರಡು ದಿನದ ದಾರಿ ಬಗ್ಗೇನ ಹೇಳ್ತಿದ್ದ. ಚಕ್ಕಡಿ ಗಾಲಿ ಕಲ್ಲಿಗೆ ಬಡಿದಾಗೊಮ್ಮೆ ಅಕಿ ಹೆಂಗ ಹಲ್ಲು ಕಡೀತಿದ್ಳು ಅಂತ.

ಆವಾಗ ನಮ್ಮ ಭಾಗ ಮುಂಬೈ ಪ್ರಾಂತದಾಗ ಇತ್ತು. ಬೆಟಗೇರಿಯೊಳಗ ಬಾಸೆಲ್ ಮಿಷನ್ನವರ ದವಾಖಾನಿ ಇತ್ತು, ಮಂದಿ ಇವತ್ತಿಗೂ ಅದನ್ನ ಜರ್ಮನ್ ದವಾಖಾನಿ ಅಂತಾರ. ಊರೂರಿಗೆ ವೈದ್ಯರಿದ್ರು, ಸೂಲಗಿತ್ತಿಯರಿದ್ರು. ಆದ್ರ ಡಾಕ್ಟರ್ ಆಗಬೇಕು ಅಂತ ಧಾರವಾಡ ಕಡೆಯ ಹುಡುಗಗ ಮನಸ್ಸು ಬಂದ್ರ ಮುಂಬೈಗೆ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಹೋಗ್ಬೇಕು, ಇಲ್ಲ 1946ರ ಮ್ಯಾಲೆ ಪುಣೆದ ಬಿ.ಜೆ. ಕಾಲೇಜಿಗೆ. ಮೈಸೂರು ಸಂಸ್ಥಾನದಾಗ 1924ರಿಂದ ಮೆಡಿಕಲ್ ಕಾಲೇಜ್ ಇತ್ತು ಖರೆ, ಆದ್ರ ಅದು ಬ್ಯಾರೆ ರಾಜ್ಯ, ಅರಸರ ರಾಜ್ಯ. ಮುಂಬೈಗೆ ಹೋಗೋ ಹುಡುಗ ಮರಾಠಿ ಕಲೀಬೇಕು, ಇಂಗ್ಲಿಷ್ ಕಲೀಬೇಕು, ಐದಾರು ವರ್ಷ ಖರ್ಚು ನಿಭಾಯಿಸಬೇಕು. ಎರಡು ಕೂರಿಗಿ ಹೊಲ ಇದ್ದವನ ಮಗ ಎಲ್ಲಿ ಹೋಗ್ತಾನ್ರಿ?

ಇದನ್ನ ಯಾಕ ಮೊದಲ ಹೇಳಿದ್ನಿ ಅಂದ್ರ, ನಮ್ಮ ಭಾಗದಾಗ ಮೆಡಿಕಲ್ ಕಾಲೇಜು ಹೆಂಗ ಬಂತು ಅಂತ ಕೇಳಿದ್ರ ಮಂದಿ ಸೀದಾ ಕಟ್ಟಡದ ಕಥಿ ಶುರು ಮಾಡ್ತಾರ, ಯಾವ ಮಂತ್ರಿ ಅಡಿಗಲ್ಲು ಹಾಕಿದ್ರು, ಯಾರ ಹೆಸರು ಇಟ್ರು ಅಂತ. ನನ್ನ ಪ್ರಕಾರ ಆ ಕಥಿ ಶುರು ಆಗೋದು ಸಾಲಿಯಿಂದ. ಬೆಳಗಾವಿಯ ಕೆಎಲ್‌ಇ ಅಂದ್ರ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥಾ ನೋಡ್ರಿ. 1916ರ ನವೆಂಬರ್ 13ಕ್ಕ ಶುರು ಆಗಿದ್ದು. ಶುರು ಮಾಡಿದವರು ಸಾವುಕಾರರಲ್ಲ, ಓದಿ ಡಿಗ್ರಿ ತಗೊಂಡ ಪ್ರಾಯದ ಮಂದಿ. ಬಸವನಾಳ ಶಿವಲಿಂಗಪ್ಪನವರು, ಸಾಖರೆಯವರು, ಹಂಚಿನಾಳರು, ಚಿಕ್ಕೋಡಿಯವರು, ಮಮದಾಪುರರು, ಕಟ್ಟಿಮನಿಯವರು, ವಿ.ವಿ. ಪಾಟೀಲರು, ಹಿಂಗ ಏಳು ಮಂದಿ, ಅದಕ್ಕ ಸಪ್ತರ್ಷಿಗಳು ಅಂತಾರ. ಸರಕಾರಿ ನೌಕರಿ ಹಿಡಿದಿದ್ರ ಆರಾಮ ಇರ್ತಿದ್ರು. ಅದು ಬಿಟ್ಟು ಒಂದು ಹೈಸ್ಕೂಲ್ ಕಟ್ಟಾಕ ನಿಂತ್ರು. ಕೈಯಾಗ ರೊಕ್ಕ ಇರ್ಲಿಲ್ಲ, ದಾನಿಗಳ ಮನಿ ಬಾಗಿಲಿಗೆ ಹೋದ್ರು. ಅರಟಾಳ ರುದ್ರಗೌಡ್ರು ನಿಂತ್ರು, ವಂಟಮೂರಿ ರಾಜಾ ಲಖಮಗೌಡ್ರು ನಿಂತ್ರು, ಹೆಸರು ಎಲ್ಲೂ ಕೆತ್ತಿರದ ಎಷ್ಟೋ ಮಂದಿ ನಿಂತ್ರು.

ಅವರಿಗಿಂತ ಮೊದಲ ಶಿರಸಂಗಿ ಲಿಂಗರಾಜ ದೇಸಾಯರು ಇದ್ರು. ಸವದತ್ತಿ ಕಡೆಯ ಶಿರಸಂಗಿ. ಮಕ್ಕಳಿರ್ಲಿಲ್ಲ, 1906ರಾಗ ತೀರಿಕೊಂಡ್ರು, ತೀರಿಕೊಳ್ಳೋ ಮೊದಲ ತಮ್ಮ ಆಸ್ತಿ ಹುಡುಗ್ರ ಓದಿಗೆ ಅಂತ ಮೃತ್ಯುಪತ್ರ ಬರದಿಟ್ರು. ಆ ಟ್ರಸ್ಟಿನ ಸ್ಕಾಲರ್‌ಶಿಪ್ ತಗೊಂಡು ಓದಿದ ಮಂದೀನ ಮುಂದ ನಮ್ಮ ಭಾಗದಾಗ ಮಾಸ್ತರು, ವಕೀಲರು, ಡಾಕ್ಟರು ಆದ್ರು. ಒಬ್ರ ಹೊಲದ ಫಸಲು ಇನ್ನೊಬ್ರ ಮಗನ ಪುಸ್ತಕ ಆತು. ಇಷ್ಟು ದೊಡ್ಡ ಕೆಲಸ ಇಷ್ಟು ಗದ್ದಲ ಇಲ್ಲದ ಮಾಡಿದವರು ಕಡಿಮಿ ಅಂತ ನನಗ ಅನಸ್ತೈತಿ.

ಲಿಂಗಾಯತ ಸಮಾಜದವರು ತಮ್ಮ ಹುಡುಗ್ರು ಹಿಂದ ಬಿದ್ದಾರ ಅನ್ನೋ ಸಂಕಟದಿಂದ ಶುರು ಮಾಡಿದ್ರು, ಸಂಸ್ಥಾದ ಹೆಸರಿನಾಗೇ ಅದು ಐತಿ, ಅದನ್ನ ಮುಚ್ಚಿಡೋ ಅವಶ್ಯಕತಾ ಇಲ್ಲ. ಆದ್ರ ಸಾಲಿ ಬಾಗಿಲಾ ತೆರದ ಮ್ಯಾಲೆ ಒಳಗ ಬಂದವರು ಎಲ್ಲಾ ಸಮಾಜದವರು, ಮುಂದ ದವಾಖಾನಿ ಆದಾಗಂತೂ ಕೇಸ್ ಪೇಪರ್ ಮ್ಯಾಲೆ ಯಾರ ಜಾತಿ ನೋಡಿ ಜ್ವರ ಇಳಿಸಾಕ ಬರ್ತೈತ್ರಿ? ಸಮುದಾಯ ಅನ್ನೋ ಶಬ್ದ ನಮ್ಮ ಕಡೆ ಹಿಂಗ ಬೆಳದೈತಿ. ಜಾತಿಯಿಂದ ಶುರು ಆಗಿ ಜಿಲ್ಲಾದಷ್ಟು ಅಗಲ ಆಗೇತಿ. ಎಲ್ಲಾ ಕಡೆ ಸರಿಯಾಗಿ ಆಗೇತಿ ಅಂತ ನಾ ಹೇಳಂಗಿಲ್ಲ.

ಈಗ ಒಂದು ಲೆಕ್ಕ ಮಾಡ್ರಿ. ಹೈಸ್ಕೂಲ್ 1916. ಲಿಂಗರಾಜ ಕಾಲೇಜು 1933. ನಮ್ಮ ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು 1947. ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು, ಜೆಎನ್‌ಎಂಸಿ, ಅದು 1963. ನಲವತ್ತೇಳು ವರ್ಷ! ಯಾಕಂದ್ರ ಸೈನ್ಸ್ ಓದಿದ ಹುಡುಗ್ರು ಇಲ್ಲದ ಮೆಡಿಕಲ್ ಕಾಲೇಜಿಗೆ ಯಾರನ್ನ ಸೇರಿಸ್ತೀರಿ, ಅವರಿಗೆ ಕಲಿಸೋ ಮಾಸ್ತರು ಎಲ್ಲಿಂದ ತರ್ತೀರಿ. ನಡುವ ಆ ಹುಡುಗ್ರು ಎಲ್ಲಿ ಉಂಡ್ರು ಅನ್ನೋದೂ ಮುಖ್ಯ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಾಗ ಉಂಡು ಓದಿದವರು ಇವತ್ತಿಗೂ ನಮ್ಮ ನಡುವ ಅದಾರ, ಇಲ್ಲೇ ಈ ಸಭಾದಾಗ ಮೂರು ಮಂದಿ ಕೈ ಎತ್ತಿದ್ರು. ಆ ರೊಟ್ಟಿ ಜೋಳ ಹಳ್ಳಿಯ ಕಣದಿಂದ ಬಂದಿದ್ದು. ಹಂಗಾಗಿ ಮೆಡಿಕಲ್ ಕಾಲೇಜಿನ ಅಡಿಪಾಯದಾಗ ಕಲ್ಲಿನಷ್ಟೇ ಜೋಳನೂ ಐತಿ.

ನಮ್ಮ ಹುಬ್ಬಳ್ಳಿ ಕೆಎಂಸಿ, ಅಂದ್ರ ಕರ್ನಾಟಕ ಮೆಡಿಕಲ್ ಕಾಲೇಜಿನ ಕಥಿ ಸ್ವಲ್ಪ ಬ್ಯಾರೆ. ಅದು ಸರಕಾರದ್ದು. 1956ರ ನವೆಂಬರ್ 1ಕ್ಕ ನಾವು ಮುಂಬೈ ಬಿಟ್ಟು ಕನ್ನಡ ರಾಜ್ಯದಾಗ ಬಂದ್ವಿ, ಮರುವರ್ಷ 1957ರಾಗ ಕಾಲೇಜ್ ಬಂತು, ಉತ್ತರ ಕರ್ನಾಟಕಕ್ಕ ಮೊದಲನೇದು. ನಾ ಕಲಿತಿದ್ದು ಅಲ್ಲೇ. ಆಮ್ಯಾಲೆ ಹೆಸರು ಕಿಮ್ಸ್ ಆತು, ಈಗ ಮತ್ತ ಬದಲಿ ಆಗೇತಿ, ಆದ್ರ ಕುಂದಗೋಳದಿಂದ ಬಸ್ ಹತ್ತಿದ ಅಜ್ಜ ಕಂಡಕ್ಟರಿಗೆ "ಕೆಎಂಸಿ ಒಂದು ಕೊಡಪಾ" ಅಂತಾನ. ಕರ್ನಾಟಕದ ಏಕೀಕರಣ ಆಗೋದಕ್ಕ ಹಗಲು ರಾತ್ರಿ ಓಡಾಡಿದ ಮಂದಿಗೆ ಅದು ಕಣ್ಣಿಗೆ ಕಾಣೋ ಫಲ ಇತ್ತು. ಅದರ ಬೆನ್ನಿಗೇ 1961ರಾಗ ಬಳ್ಳಾರಿ, 1963ರಾಗ ಬೆಳಗಾವಿ, ಅದೇ ವರ್ಷ ಕಲಬುರಗಿಯೊಳಗ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥಾದ ಮಹಾದೇವಪ್ಪ ರಾಂಪೂರೆ ಕಾಲೇಜು, 1965ರಾಗ ದಾವಣಗೆರಿಯ ಬಾಪೂಜಿ ಸಂಸ್ಥಾದ ಜೆಜೆಎಂ. ಬಿಜಾಪುರದ ಬಿಎಲ್‌ಡಿಇ ಮೆಡಿಕಲ್ ಕಾಲೇಜು 1986ರಾಗ ಬಂತು, ಆದ್ರ ಸಂಸ್ಥಾ ಕಟ್ಟಿದ್ದು 1910ರಾಗ ಫ.ಗು. ಹಳಕಟ್ಟಿಯವರು, ನಮ್ಮ ಧಾರವಾಡದಾಗ ಹುಟ್ಟಿದವರು, ವಚನದ ತಾಡೋಲಿ ಹುಡುಕಿ ಅಚ್ಚು ಹಾಕಿಸಾಕ ತಮ್ಮ ಮನಿ ಮಾರಿದವರು. ಅಲ್ಲೂ ಅಷ್ಟ, ಸಾಲಿಯಿಂದ ಮೆಡಿಕಲ್ ಕಾಲೇಜಿಗೆ ಎಪ್ಪತ್ತಾರು ವರ್ಷ.

ಒಂದು ಹತ್ತು ವರ್ಷದೊಳಗ ಇಷ್ಟು ಕಾಲೇಜು ಎದ್ದಿದ್ದು ಹೆಂಗ ಅಂತ ಯಾರೋ ಕೇಳಿದ್ರು. 1953ರಾಗ ಮಣಿಪಾಲದಾಗ ಡಾ. ಟಿ.ಎಂ.ಎ. ಪೈಯವರು ಸರಕಾರದ ಹಂಗಿಲ್ಲದ ಮೆಡಿಕಲ್ ಕಾಲೇಜ್ ನಡಸಬಹುದು ಅಂತ ತೋರಿಸಿದ್ರು, ಅದು ಎಲ್ಲಾರಿಗೂ ಧೈರ್ಯ ಕೊಟ್ತು. ಆದ್ರ ಅದೇ ದಾರಿಯೊಳಗ ಡೊನೇಶನ್ ಅನ್ನೋದೂ ಬಂತು. ದಾನ ಅನ್ನೋ ಶಬ್ದದ ಅರ್ಥಾನೇ ತಿರುವಾತು ನೋಡ್ರಿ. ಲಿಂಗರಾಜರು ಕೊಟ್ಟಿದ್ದು ದಾನ, ಅಡ್ಮಿಶನ್ ಟೈಮಿನಾಗ ಅಪ್ಪನ ಹೊಲ ಮಾರಿಸಿ ತಗೊಂಡಿದ್ದೂ ಡೊನೇಶನ್. 1984ರಾಗ ಕರ್ನಾಟಕ ಸರಕಾರ ಕ್ಯಾಪಿಟೇಶನ್ ಫೀ, ಅಂದ್ರ ಸೀಟಿಗಾಗಿ ತಗೊಳ್ಳೋ ಆ ರೊಕ್ಕ, ಬಂದ್ ಮಾಡೋ ಕಾಯ್ದೆ ತಂತು, 1992ರ ಮೋಹಿನಿ ಜೈನ್ ಕೇಸು, ಮರುವರ್ಷದ ಉನ್ನಿಕೃಷ್ಣನ್ ಕೇಸು, 2002ರ ಟಿ.ಎಂ.ಎ. ಪೈ ಫೌಂಡೇಶನ್ ತೀರ್ಪು, ಹಿಂಗ ಸುಪ್ರೀಂ ಕೋರ್ಟ್ ಮಟ ಹೋತು. ಇದು ನನಗ ನೋವಿನ ವಿಷಯ, ಇಷ್ಟಕ್ಕ ಬಿಡ್ತೀನಿ. ಊರಿನ ರೊಕ್ಕದಾಗ ಎದ್ದ ಸಂಸ್ಥಾಕ್ಕ ಊರಿನ ಬಡವರ ಮಗಳು ಒಳಗ ಬರಾಕ ಆಗಲಿಲ್ಲ ಅಂದ್ರ ಕೊಟ್ಟವರಿಗೆ ನಾವು ಏನು ಉತ್ತರ ಹೇಳೋಣು?

ಮೆಡಿಕಲ್ ಕಾಲೇಜು ಒಂದು ಊರಿಗೆ ಬಂದ್ರ ಏನು ಬದಲಿ ಆಗ್ತೈತಿ ಅಂತ ಕೇಳಿದ್ರ ಎಲ್ಲಾರೂ ಡಾಕ್ಟರ್ ಸಂಖ್ಯಾ ಹೇಳ್ತಾರ. ನಾ ಬ್ಯಾರೆ ಹೇಳ್ತೀನಿ. ಮೆಡಿಕಲ್ ಕಾಲೇಜಿಗೆ ಪೇಷಂಟ್ ಬೇಕೇ ಬೇಕು. ಪೇಷಂಟ್ ಇಲ್ಲದ ಕಲಿಸಾಕ ಬರಂಗಿಲ್ಲ, ಬೆಡ್ ತುಂಬಿರಲಿಲ್ಲ ಅಂದ್ರ ಇನ್‌ಸ್ಪೆಕ್ಷನ್‌ದಾಗ ಪಾಸ್ ಆಗಂಗಿಲ್ಲ. ಇದರಿಂದ ಬಡವರಿಗೆ ಒಂದು ಉಪಕಾರ ಆಗೇತಿ. ಬ್ಯಾರೆ ದವಾಖಾನಿಯೊಳಗ ರಾತ್ರಿ ಎರಡಕ್ಕ ಹೋದ್ರ ನರ್ಸ್ ಇರ್ತಾಳ, ಡಾಕ್ಟರಿಗೆ ಫೋನ್ ಹಚ್ಚಬೇಕು. ಟೀಚಿಂಗ್ ದವಾಖಾನಿಯೊಳಗ ರಾತ್ರಿ ಎರಡಕ್ಕೂ ಇಂಟರ್ನ್ ಇರ್ತಾನ, ಪಿಜಿ, ಅಂದ್ರ ಎಂಬಿಬಿಎಸ್ ಮುಗಿಸಿ ಮುಂದ ಓದೋ ಡಾಕ್ಟರ್, ಇರ್ತಾನ, ಅವಗ ತಿಳೀಲಿಲ್ಲ ಅಂದ್ರ ಎಬ್ಬಸಾಕ ಮ್ಯಾಲಿನವರು ಇರ್ತಾರ. ಬ್ಲಡ್ ಬ್ಯಾಂಕ್ ಇರ್ತೈತಿ, ಲ್ಯಾಬ್ ಇರ್ತೈತಿ. ನವಲಗುಂದದಾಗ ಟ್ರ್ಯಾಕ್ಟರ್ ಪಲ್ಟಿ ಆತು, ಬ್ಯಾಡಗಿಯೊಳಗ ಮೆಣಸಿನಕಾಯಿ ಲಾರಿ ಮ್ಯಾಲಿಂದ ಹಮಾಲ ಬಿದ್ದ, ಹಾನಗಲ್ಲದಾಗ ಹೊಲದಾಗ ಹಾವು ಕಡೀತು, ಯಾರಿಗೂ ವಿಚಾರ ಮಾಡೋ ಅವಶ್ಯಕತಾ ಇಲ್ಲ, ಗಾಡಿ ಹುಬ್ಬಳ್ಳಿ ಕಡೆ ತಿರಗ್ತೈತಿ. ಮುಂಜಾನೆ ಕೇಸ್ ಪೇಪರ್ ಕಿಟಕಿ ಮುಂದ ನಿಂತು ನೋಡ್ರಿ. ಧೋತರ ಉಟ್ಟವರು, ಇಳಕಲ್ ಸೀರಿ ಸೆರಗು ಹೊತ್ತವರು, ಪ್ಲಾಸ್ಟಿಕ್ ಚೀಲದಾಗ ಹಳೇ ಎಕ್ಸ್‌ರೇ, ಇನ್ನೊಂದು ಕೈಯಾಗ ರೊಟ್ಟಿ ಗಂಟು. ಸಂಜಿ ಮಟ ಆಗ್ತೈತಿ ಅಂತ ಅವರಿಗೆ ಗೊತ್ತೈತಿ, ಬುತ್ತಿ ಕಟಗೊಂಡೇ ಬಂದಿರ್ತಾರ. ಆ ಸಾಲು ಇನ್ನೂ ಉದ್ದ ಐತಿ, ಅದು ನಮಗ ನಾಚಿಕಿ. ಆದ್ರ ನಮ್ಮ ಅಜ್ಜಿ ಎರಡು ದಿನ ಚಕ್ಕಡಿ, ರೈಲಿನಾಗ ಹೋಗಿದ್ದು ನೆನಸ್ಕೊಂಡ್ರ ಈ ಸಾಲು ಎಷ್ಟು ಹತ್ತರ ಬಂದೈತಿ ಅನ್ನೋದೂ ಖರೆ.

ಇನ್ನೊಂದು, ಭಾಷಾ. ಹೊರಗಿನ ರಾಜ್ಯದಿಂದ ಬಂದ ಹುಡುಗ ಹುಡುಗೀರು ನಮ್ಮ ಮಾತು ಕಲಿಯೋದನ್ನ ನಾ ವರ್ಷಾನುಗಟ್ಲೆ ನೋಡೀನಿ. ಬೆಂಗಳೂರು ಕನ್ನಡದ ಪುಸ್ತಕ ಓದಿ ಬಂದ್ರೂ ಇಲ್ಲಿ ನಡಿಯಂಗಿಲ್ಲ. ಒಬ್ಬಾಕಿ ಲಖನೌ ಹುಡುಗಿ, ಇಂಟರ್ನ್ ಇದ್ಳು, ವಾರ್ಡಿನಾಗ ಒಬ್ಬ ಅಜ್ಜಿ "ಎದಿ ಹೊಡ್ಕೊಳಾಕತ್ತೈತಿ, ಕಣ್ಣಿಗೆ ಕತ್ತಲಿ ಬರ್ತಾವ" ಅಂದ್ಳು. ಆ ಹುಡುಗಿ ಯಾರೋ ಅಜ್ಜಿ ಎದಿಗೆ ಹೊಡದಾರ ಅಂತ ತಿಳಕೊಂಡು ಪೊಲೀಸ್ ಕೇಸ್ ಬರಿಯಾಕ ಹತ್ತಿದ್ಳು. ವಾರ್ಡಿನ ಆಯಾ ನಕ್ಕು, ಅಕಿ ಕೈ ತಗೊಂಡು ತನ್ನ ಎದಿ ಮ್ಯಾಲೆ ಇಟ್ಟು ಧಡಧಡ ಅಂತ ಮಾಡಿ ತೋರಿಸಿದ್ಳು. ಆರು ತಿಂಗಳ ಆದ ಮ್ಯಾಲೆ ಅದೇ ಹುಡುಗಿ ಬಸರಿ ಹೆಂಗಸಿಗೆ "ಯವ್ವಾ, ದಿನಾ ತುಂಬ್ಯಾವೇನು? ಬ್ಯಾನಿ ಯಾವಾಗ ಶುರು ಆತು?" ಅಂತ ಕೇಳೋದನ್ನ ಕೇಳಿದೆ. ಆ ಆಯಾನ ಹೆಸರು ಯಾವ ಮಾರ್ಕ್ಸ್ ಕಾರ್ಡಿನಾಗೂ ಇರಂಗಿಲ್ಲ, ಆದ್ರ ಅಕಿ ಆ ಹುಡುಗಿಗೆ ಮಾಸ್ತರ್ ಇದ್ದಂಗ.

ಈಗ ನಾ ಮುಖ್ಯವಾಗಿ ಹೇಳಬೇಕಂತ ಬಂದಿದ್ದು. ಊರವರು ಕೊಟ್ಟಿದ್ದು ಊರಿಗೆ ಹೆಂಗ ವಾಪಸ್ ಬಂತು ಅನ್ನೋದಕ್ಕ ನನಗ ಗೊತ್ತಿರೋ ಎಲ್ಲಾಕ್ಕಿಂತ ಚೊಲೋ ಉದಾಹರಣಿ ಬೆಳಗಾವಿ ಜಿಲ್ಲಾದಾಗ ನಡೀತು.

ಹಡದ ಮ್ಯಾಲೆ ರಕ್ತ ಹೋಗಿ ಬಾಣಂತಿ ಸಾಯೋದು ನಮ್ಮ ಹಳ್ಳಿಗೆ ಹೊಸಾದಲ್ಲ. ಕೂಸು ಬಂತು, ಮಾಸ ಬಿತ್ತು, ಎಲ್ಲಾರೂ ಕೂಸಿನ ಕಡೆ ನೋಡ್ತಾರ, ಅಷ್ಟ್ರಾಗ ಅವ್ವನ ಕೆಳಗಿನ ಅರಬಿ ಎಲ್ಲಾ ತೊಯ್ದಿರ್ತೈತಿ. ಗರ್ಭಕೋಶ ಮುದುಡಬೇಕು, ಮುದುಡಲಿಲ್ಲ ಅಂದ್ರ ನಲ್ಲಿ ಬಿಟ್ಟಂಗ ರಕ್ತ ಹೋಗ್ತೈತಿ. ಅದಕ್ಕ ಔಷಧ ಐತಿ, ಆಕ್ಸಿಟೋಸಿನ್ ಅಂತ. ಆದ್ರ ಅದು ಸೂಜಿ, ಅದನ್ನ ತಂಪಿನಾಗ ಇಡಬೇಕು. ಕರೆಂಟ್ ಇಲ್ಲದ ಸಬ್ ಸೆಂಟರಿನಾಗ ಫ್ರಿಜ್ ಎಲ್ಲಿ ತರೋದು. ಮಿಸೊಪ್ರೊಸ್ಟಾಲ್ ಅಂತ ಒಂದು ಗುಳಿಗಿ ಐತಿ, ಫ್ರಿಜ್ ಬ್ಯಾಡ, ಸೂಜಿ ಬ್ಯಾಡ, ಬಾಯಾಗ ನುಂಗಿದ್ರ ಆತು. ಆದ್ರ ಹಳ್ಳಿ ಹೆರಿಗಿಯೊಳಗ, ಡಾಕ್ಟರ್ ಇಲ್ಲದಲ್ಲಿ, ಇದು ಖರೇನ ಕೆಲಸ ಮಾಡ್ತೈತೇನು ಅಂತ ಆವಾಗ ಸರಿಯಾಗಿ ನೋಡಿದವರು ಬಹಳ ಕಡಿಮಿ. ಜೆಎನ್‌ಎಂಸಿಯ ಡಾಕ್ಟರು ಅಮೆರಿಕಾದವರ ಜೊತಿ ಕೂಡಿ 2002ರಿಂದ 2005ರ ಮಟ ಬೆಳಗಾವಿ ಜಿಲ್ಲಾದ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದ್ರ ಪಿಎಚ್‌ಸಿಯ ಹಳ್ಳಿಗಳೊಳಗ ಇದನ್ನ ನೋಡಿದ್ರು. 1620 ಮಂದಿ ಹೆಣ್ಣುಮಕ್ಕಳು. ಅರ್ಧ ಮಂದಿಗೆ ಆ ಗುಳಿಗಿ, ಅರ್ಧ ಮಂದಿಗೆ ಔಷಧ ಇಲ್ಲದ ಅಂಥಾದ್ದೇ ಗುಳಿಗಿ, ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಎಎನ್‌ಎಂ ಅಕ್ಕಾರು, ನಾವು ನರ್ಸಬಾಯಿ ಅಂತೀವಲ್ಲ ಅವರು.

ರಕ್ತ ಎಷ್ಟು ಹೋತು ಅಂತ ಅಳಿಯೋದು ಹೆಂಗ? ಕಣ್ಣಳತಿಯೊಳಗ ಯಾವಾಗ್ಲೂ ಕಡಿಮಿ ಅನಸ್ತೈತಿ, ನಾನೂ ಎಷ್ಟೋ ಸರ್ತಿ ತಪ್ಪು ಅಂದಾಜು ಮಾಡೀನಿ, ಒಂದು ಸೇರು ಹೋಗಿದ್ದು ಅರ್ಧ ಸೇರು ಅನಸಿದ್ದು ಐತಿ. ಅದಕ್ಕ ಆ ತಂಡದವರು ಒಂದು ಪ್ಲಾಸ್ಟಿಕ್ ಹಾಳಿ ತಯಾರ ಮಾಡಿದ್ರು. ಬಾಣಂತಿ ಟೊಂಕದ ಕೆಳಗ ಹಾಸೋದು, ಎರಡು ಕಡೆ ದಾರದಿಂದ ಹೊಟ್ಟಿಗೆ ಕಟ್ಟೋದು, ಕೆಳಗಿನ ತುದಿ ಲಾಳಿಕಿ ಹಂಗ ಸಣ್ಣ ಆಗ್ತಾ ಹೋಗಿ ಚೀಲ ಆಗ್ತೈತಿ, ಆ ಚೀಲದ ಮ್ಯಾಲೆ ಅಳತಿ ಗೆರಿ. ಹಾಲಿನ ಡೈರಿಯೊಳಗ ಅಳತಿ ಗ್ಲಾಸ್ ನೋಡೀರಲ್ಲ, ಹಂಗ. ಗೆರಿ ದಾಟಿತು ಅಂದ್ರ ಓದಲಿಕ್ಕೆ ಬರದ ಅತ್ತಿಗೂ ತಿಳೀತೈತಿ, ಇನ್ನ ತಡ ಮಾಡಂಗಿಲ್ಲ, ಗಾಡಿ ತರಸ್ರಿ ಅಂತ.

ಫಲಿತಾಂಶ 2006ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಾದಾಗ ಬಂತು. ಔಷಧ ಇಲ್ಲದ ಗುಳಿಗಿ ತಗೊಂಡವರೊಳಗ ನೂರಕ್ಕ 12 ಮಂದಿಗೆ ಹೆಚ್ಚಿನ ರಕ್ತಸ್ರಾವ, ಔಷಧದ ಗುಳಿಗಿ ತಗೊಂಡವರೊಳಗ ನೂರಕ್ಕ 6.4. ಜೀವಕ್ಕ ಕುತ್ತು ತರೋವಂಥ ಜೋರಿನ ರಕ್ತಸ್ರಾವ 1.2ರಿಂದ 0.2ಕ್ಕ ಇಳೀತು. ಹದಿನೆಂಟು ಮಂದಿಗೆ ಗುಳಿಗಿ ಕೊಟ್ರ ಒಬ್ಬಾಕಿಗೆ ರಕ್ತಸ್ರಾವ ತಪ್ತೈತಿ. 2011ರಾಗ ವಿಶ್ವ ಆರೋಗ್ಯ ಸಂಸ್ಥಾ ಬಾಣಂತಿ ರಕ್ತಸ್ರಾವ ತಡೆಯಾಕ ಆ ಗುಳಿಗಿಯನ್ನ ತನ್ನ ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸ್ತು. ಅಂಥಾ ಅಳತಿ ಚೀಲ ಹಾಸಿ, ರಕ್ತಸ್ರಾವ ಬ್ಯಾಗನೆ ಹಿಡದು, ಎಲ್ಲಾ ಉಪಚಾರ ಒಮ್ಮೆಲೇ ಶುರು ಮಾಡೋ ಪದ್ಧತಿ ಮುಂದ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದಾಗ 80 ದವಾಖಾನಿಯೊಳಗ ನೋಡಿದ್ರು. 2023ರಾಗ ಅದರ ಫಲಿತಾಂಶ ಬಂತು, ಜೋರಿನ ರಕ್ತಸ್ರಾವ ಮತ್ತ ಅದರ ತೊಂದರಿ ನೂರಕ್ಕ 60ರಷ್ಟು ಕಡಿಮಿ.

ಅದನ್ನ ಓದಿದ ದಿನಾ ನಾ ಶಿರಸಂಗಿ ನೆನಸ್ಕೊಂಡೆ. ಮಕ್ಕಳಿಲ್ಲದ ಒಬ್ರು ದೇಸಾಯರು, ಹೈಸ್ಕೂಲಿಗೆ ದೇಣಿಗಿ ಕೇಳ್ಕೊಂತ ತಿರುಗಿದ ಏಳು ಮಂದಿ ಪ್ರಾಯದವರು, ಅದರಿಂದ ಒಂದು ಕಾಲೇಜು, ಆ ಕಾಲೇಜಿನ ಡಾಕ್ಟರು ಮತ್ತ ಅದೇ ಸೀಮಿಯ ಹಳ್ಳಿಗೆ ಹೋದ್ರು, ಅವರ ಜೊತಿಗಿದ್ದ ನರ್ಸಬಾಯಿಯರು ಗುಡಸಲದಾಗ ಹಡಿಯೋ ಹೆಣ್ಣುಮಗಳ ಪಕ್ಕಕ್ಕ ಕುಂತು ಅಳತಿ ಮಾಡಿದ್ರು. ಆ 1620 ಮಂದಿ ಒಪ್ಪದ ಇದ್ರ ಏನೂ ಆಗ್ತಿರ್ಲಿಲ್ಲ, ಅವರೂ ದಾನಿಗಳೇ.

ದಾನ ಅಂದ್ರ ಬರೇ ರೊಕ್ಕ, ಹೊಲ ಅಲ್ಲ ಅನ್ನೋದಕ್ಕ ಇನ್ನೊಂದು ಮಾತು. ಬೈಲಹೊಂಗಲದಾಗ ರಾಮಣ್ಣವರ ಅಂತ ಒಬ್ರು ಆಯುರ್ವೇದ ಡಾಕ್ಟರಿದ್ರು. ತಮ್ಮ ದೇಹ ಹುಡುಗ್ರ ಕಲಿಕಿಗೆ ಕೊಡಬೇಕಂತ ಬರದಿಟ್ಟಿದ್ರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಾಗ ಅನಾಟಮಿ ಕಲಿಸೋರು. 2010ರಾಗ, ಅಪ್ಪ ತೀರಿಕೊಂಡ ಎರಡು ವರ್ಷಕ್ಕ, ಮಗ ತನ್ನ ಕೈಯಾರೆ ಅಪ್ಪನ ದೇಹ ಛೇದನ ಮಾಡಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ. ಆವಾಗ ಪೇಪರ್ ತುಂಬ ಬಂತು. ನಾ ಅನಾಟಮಿ ಹಾಲಿಗೆ ಮೊದಲ ದಿನಾ ಹೋದಾಗ ಫಾರ್ಮಲಿನ್ ವಾಸನಿಗೆ ಕಣ್ಣಾಗ ನೀರು ಬಂದು, ಟೇಬಲ್ ಮ್ಯಾಲಿನ ಕೈ ನೋಡಿ ನಿಂತುಬಿಟ್ಟಿದ್ನಿ. ಅಂಗೈಯೊಳಗ ದಡ್ಡು ಕಟ್ಟಿತ್ತು, ಕುಡಗೋಲು ಹಿಡದ ಕೈ. ಯಾರೂ ಕೇಳದ, ಹೇಳದ ಬಂದ ವಾರಸುದಾರರಿಲ್ಲದ ದೇಹ. ಆ ಮನಷ್ಯಾಗ ಯಾರೂ ಒಪ್ಪಿಗಿ ಕೇಳಿರ್ಲಿಲ್ಲ. ರಾಮಣ್ಣವರ ತಂದಿ ಮಗ ಮಾಡಿದ್ದು ಅದಕ್ಕ ದೊಡ್ಡದು, ಕೇಳಿಸಿಕೊಳ್ಳದ ತಾವಾಗಿ ಕೊಟ್ರು.

ಇನ್ನ ಮನಸ್ಸಿಗೆ ಚುಚ್ಚೋ ವಿಷಯ. ಡಾಕ್ಟರು ಹಳ್ಳಿಗೆ ಬರಲಿಲ್ಲ. ನಾ ಹಾವೇರಿ ಜಿಲ್ಲಾದ ಒಂದು ಪಿಎಚ್‌ಸಿಯೊಳಗ ಒಂಬತ್ತು ವರ್ಷ ಕೆಲಸ ಮಾಡಿದೆ, ನನಗಿಂತ ಮೊದಲ ಅಲ್ಲಿ ಡಾಕ್ಟರ್ ಖುರ್ಚಿ ಎಷ್ಟು ದಿನ ಖಾಲಿ ಇತ್ತು ಅಂದ್ರ ಅದರ ಮ್ಯಾಲೆ ಔಷಧದ ಡಬ್ಬಿ ಇಟ್ಟು ಇಟ್ಟು ಬೆತ್ತದ ಸೀಟು ಹರಿದಿತ್ತು. ನನ್ನ ಕ್ಲಾಸ್‌ಮೇಟ್ಸ್ ಒಳಗ ಬಹಳ ಮಂದಿ ಬೆಂಗಳೂರು, ಮುಂಬೈ, ಹೊರದೇಶ. ಅವರನ್ನ ಬೈಯಾಕ ನನಗ ಮನಸ್ಸಿಲ್ಲ. ಕ್ವಾರ್ಟರ್ಸ್ ಸೋರ್ತೈತಿ, ಮಕ್ಕಳಿಗೆ ಸಾಲಿ ಇಲ್ಲ, ಲ್ಯಾಬ್ ಇಲ್ಲದ ಡಾಕ್ಟರ್ ಏನು ಮಾಡ್ತಾನ. 2012ರಾಗ ಕರ್ನಾಟಕ ಸರಕಾರ ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸೇವಾ ಮಾಡಲೇಬೇಕು ಅಂತ ಕಾಯ್ದೆ ಮಾಡ್ತು. ಒತ್ತಾಯದಿಂದ ಬಂದ ಡಾಕ್ಟರ್ ಒಂದು ವರ್ಷದ ದಿನಾ ಎಣಸ್ತಾನ, ಅದನ್ನ ನಾ ಕಣ್ಣಾರೆ ನೋಡೀನಿ. ಆದ್ರೂ ಖುರ್ಚಿ ಖಾಲಿ ಇರೋದಕ್ಕಿಂತ ಅದು ಚೊಲೋ.

ಬ್ಯಾರೆ ಕಡೆ ಹೆಂಗ ಮಾಡ್ಯಾರ ನೋಡ್ರಿ. ಫಿಲಿಪ್ಪೀನ್ಸ್ ದೇಶದ ದಕ್ಷಿಣಕ್ಕ ಜಾಂಬೊವಾಂಗಾ ಅಂತ ಊರು. ಡಾಕ್ಟರ್ ಕಲಿಯಬೇಕಂದ್ರ ಹುಡುಗ್ರು ಮನಿ ಬಿಟ್ಟು ದೂರ ಹೋಗ್ಬೇಕು, ಹೋದವರು ವಾಪಸ್ ಬರಂಗಿಲ್ಲ, ಥೇಟ್ ನಮ್ಮಂಗ. 1994ರಾಗ ಆ ಊರಿನ ಡಾಕ್ಟರೇ ಕೂಡಿ ಮೆಡಿಕಲ್ ಸ್ಕೂಲ್ ಶುರು ಮಾಡಿದ್ರು, ಪಗಾರ ಇಲ್ಲದ ಕಲಿಸಿದ್ರು. ಹುಡುಗ್ರನ್ನ ಮೊದಲನೇ ವರ್ಷದಿಂದ ಹಳ್ಳಿಗೆ ಕಳಿಸ್ತಾರ, ಅದೇ ಹಳ್ಳಿಗೆ ಮತ್ತ ಮತ್ತ, ಕಡೀಕ ತಿಂಗಳುಗಟ್ಲೆ ಅಲ್ಲೇ ಇರ್ತಾರ. ಕಲಿತವರೊಳಗ ಬಹುಪಾಲು ಮಂದಿ ಅದೇ ಸೀಮಿಯೊಳಗ ಉಳಿದಾರ. ಅಷ್ಟು ದೂರ ಬ್ಯಾಡ ಅಂದ್ರ ನಮ್ಮ ಪಕ್ಕದ ಮಹಾರಾಷ್ಟ್ರದ ಸೇವಾಗ್ರಾಮ. ಡಾ. ಸುಶೀಲಾ ನಯ್ಯರ್ 1969ರಾಗ ಶುರು ಮಾಡಿದ ಕಾಲೇಜು. ಪ್ರತಿ ಬ್ಯಾಚ್ ಒಂದು ಹಳ್ಳಿ ದತ್ತು ತಗೋತೈತಿ, ಒಂದೊಂದು ಹುಡುಗಗ ಒಂದಿಷ್ಟು ಮನಿ. ಅಲ್ಲಿ ಒಂದು ಯೋಜನಾ ನನಗ ಬಹಳ ಇಷ್ಟ. ಸುತ್ತಲಿನ ಹಳ್ಳಿಯವರು ಸುಗ್ಗಿ ಆದ ಮ್ಯಾಲೆ ತಮ್ಮ ಪಾಲಿನ ಜೋಳ ಅಳದು ಕೊಡ್ತಿದ್ರು, ಅದೇ ವರ್ಷಪೂರ್ತಿ ಅವರ ದವಾಖಾನಿ ವಿಮಾ. ಜೋಳ ಕೊಟ್ಟವನು ದವಾಖಾನಿಗೆ ಬೇಡ್ಕೊಂಡು ಬರಂಗಿಲ್ಲ, ನನ್ನ ಪಾಲು ಐತಿ ಅಂತ ಬರ್ತಾನ. ಆ ಹಕ್ಕು ನಮ್ಮ ಮಂದಿ ದನಿಯೊಳಗ ಕೇಳಬೇಕು ಅಂತ ನನ್ನಾಸಿ.

1997ರಾಗ ಧಾರವಾಡ ಜಿಲ್ಲಾ ಒಡದು ಗದಗ, ಹಾವೇರಿ ಜಿಲ್ಲಾ ಆದ್ವು. 2003ರಾಗ ಸತ್ತೂರಿಗೆ ಧರ್ಮಸ್ಥಳದ ಎಸ್‌ಡಿಎಂ ಕಾಲೇಜು ಬಂತು, 2015ರಾಗ ಗದಗಿಗೆ ಸರಕಾರಿ ಮೆಡಿಕಲ್ ಕಾಲೇಜು ಬಂತು, ಹಾವೇರಿಗೂ ಈಚೆಗೆ ಬಂತು. ಹಾವೇರಿಯವರು ಹುಬ್ಬಳ್ಳಿ ಇಲ್ಲ ದಾವಣಗೆರಿ ಅಂತ ಓಡೋದು ಕಡಿಮಿ ಆಗಬೇಕು. ಕಟ್ಟಡ ಬಂದಾವ, ಹುಡುಗ್ರು ಬಂದಾರ. ಹೊಸ ಕಾಲೇಜಿನ ಸುತ್ತಲಿನ ಊರವರು ಇದು ಸರಕಾರದ್ದು ಅಂತ ದೂರ ನಿಲ್ಲಬಾರ್ದು. ಹೋಗ್ರಿ, ಆ ಹುಡುಗ್ರನ್ನ ಊರಿನ ಜಾತ್ರಿಗೆ ಕರೀರಿ, ಹೊಲಕ್ಕ ಕರ್ಕೊಂಡು ಹೋಗ್ರಿ, ಎಳ್ಳಮವಾಸಿಗೆ ಚರಗಾ ಚೆಲ್ಲಾಕ ಕರೀರಿ. ಹೊಲದಾಗ ಕುಂತು ಸಜ್ಜಿ ರೊಟ್ಟಿ ಉಂಡ ಹುಡುಗ ಆ ಊರು ಮರಿಯೋದು ಕಷ್ಟ.

ಪ್ರಶ್ನಾಕ್ಕ ಟೈಮ್ ಇತ್ತು. ಕುಂದಗೋಳ ಕಡೆಯ ರೈತರೊಬ್ರು ಎದ್ದು, "ಡಾಕ್ಟರ್ ಬಾಯಾರ, ನಾವು ಹೈಸ್ಕೂಲಿಗೆ ಹೊಲ ಕೊಟ್ಟ ಮನತನದವರು, ಈಗ ನಮ್ಮ ಮೊಮ್ಮಗಳಿಗೆ ನೀಟ್‌ದಾಗ ಕಡಿಮಿ ಬಂದು ಸೀಟ್ ಸಿಗಲಿಲ್ಲ, ಕೊಟ್ಟಿದ್ದಕ್ಕ ಏನು ಉಳೀತ್ರಿ?" ಅಂತ ಕೇಳಿದ್ರು. ಸಭಾ ಗಪ್ ಆತು. ಅವರು ಸಿಟ್ಟಿಗೆ ಕೇಳಿದ್ದಲ್ಲ, ಖರೇನ ತಿಳಕೋಬೇಕು ಅಂತ ಕೇಳಿದ್ರು. ನಾ ಅವರಿಗೆ ಸೀಟು ಕೊಡಸಾಕ ಬರಂಗಿಲ್ಲ, ಹೊಲ ಕೊಟ್ಟ ಮನತನ ಅಂತ ಸೀಟ್ ಕೊಡೋದೂ ಸರಿ ಅಲ್ಲ. ಆ ಹೈಸ್ಕೂಲ್ ಈಗ ಹೆಂಗ ನಡದೈತಿ ಅಂತ ಅವರನ್ನ ಕೇಳಿದೆ. ಸೈನ್ಸ್ ಮಾಸ್ತರು ಇಲ್ಲ, ಎರಡು ವರ್ಷ ಆತು ಅಂದ್ರು. ಹಂಗಾರ ನಿಮ್ಮ ಮೊಮ್ಮಗಳ ಸೀಟು ಹೋಗಿದ್ದು ನೀಟ್‌ದಾಗ ಅಲ್ರಿ, ಅಲ್ಲೇ ಹೋಗೇತಿ ಅಂದೆ. ಅವರು ತಲಿ ಅಲ್ಲಾಡಿಸಿ ಕುಂತ್ರು. ನಿವೃತ್ತ ಮಾಸ್ತರೊಬ್ರು ಅವರ ಪಕ್ಕಕ್ಕ ಹೋಗಿ ಕುಂತು ಏನೋ ಮಾತಾಡಾಕ ಹತ್ತಿದ್ರು, ಊರಿನ ಹೆಸರು ಬರಕೊಂಡ್ರು.

ಎಲ್ಲಾ ಮುಗದು ಚಾ ಕುಡಿಯೋ ಮುಂದ ಒಬ್ಬಾಕಿ ವಯಸ್ಸಾದ ಹೆಣ್ಣುಮಗಳು ಬಂದ್ಳು, ಎಂಬತ್ತರ ಹತ್ತರ ಇರಬೇಕು. ದೇಹ ಕೊಡೋದಕ್ಕ ಎಲ್ಲಿ ಹೇಳಬೇಕ್ರಿ ಅಂತ ಕೇಳಿದ್ಳು. ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕ ಹೋದ್ರ ಫಾರ್ಮ್ ಕೊಡ್ತಾರ, ಸಾಕ್ಷಿ ಸಹಿ ಬೇಕು, ಮನಿಯವರ ಒಪ್ಪಿಗಿ ಬೇಕು, ಆ ಹೊತ್ತು ಬಂದಾಗ ಮನಿಯವರೇ ಬ್ಯಾಗನೆ ಫೋನ್ ಮಾಡಬೇಕು, ಕಣ್ಣು ಕೊಡೋದಿದ್ರ ಆರು ತಾಸಿನೊಳಗ ಅಂತ ಹೇಳಿದೆ.

"ಮಗನ ಸಹಿ ಬೇಕೇನ್ರಿ?"

"ಬೇಕವಾ. ಅವರು ಒಪ್ಪಲಿಲ್ಲ ಅಂದ್ರ ನೀವು ಬರದಿದ್ದು ಹಂಗೇ ಉಳಿತೈತಿ."

"ತಡೀರಿ, ಕೆಳಗ ಗಾಡಿ ಹತ್ರ ನಿಂತಾನ, ಕರ್ಕೊಂಡು ಬರ್ತೀನಿ" ಅಂತ ಚಾದ ಕಪ್ಪು ನನ್ನ ಕೈಯಾಗ ಕೊಟ್ಟು, ಕಟಕಟಿ ಹಿಡ್ಕೊಂಡು ಒಂದೊಂದೇ ಮೆಟ್ಟಲಾ ಇಳಿಯಾಕ ಹತ್ತಿದ್ಳು.